ಓಟ ಗೊತ್ತಾಗದ ಗಾಡಿ, ಹುಲ್ಲಿನ ಟ್ರ್ಯಾಕ್ಟರ್ ಓಡುವ ರಸ್ತೆ

ಹೊಸಪೇಟೆಯಲ್ಲಿ ನಮಗೆ ಪರಿಚಯದ ಒಂದು ಗ್ಯಾರೇಜಿದೆ. ಟಿಪ್ಪರ್, ಬೊಲೆರೊ, ಟ್ರ್ಯಾಕ್ಟರ್ ಬರುವ ಜಾಗ. ಕಳೆದ ಭತ್ತದ ಕೊಯ್ಲಿನ ಹೊತ್ತಿಗೆ ಅಲ್ಲಿ ಒಂದು ಪೋರ್ಷೆ ಕಯೆನ್ ಎಸ್ ಬಂದು ನಿಂತಿತ್ತು. 2006ರ ಮಾಡೆಲ್, ಕಪ್ಪು ಬಣ್ಣ. ಬಾಗಿಲ ಸಂದಿಯ ರಬ್ಬರಿನೊಳಗೆ ಇನ್ನೂ ಕೆಂಪು ಧೂಳು. ಸಂಡೂರಿನ ಧೂಳು ಒಮ್ಮೆ ಹೊಕ್ಕರೆ ಎಷ್ಟು ತೊಳೆದರೂ ಹೋಗುವುದಿಲ್ಲ, ಇದನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಕಂಪ್ಲಿ ಕಡೆಯ ಹುಡುಗನೊಬ್ಬ ಅದನ್ನು ಸೆಕೆಂಡ್ ಹ್ಯಾಂಡ್ ತಂದಿದ್ದ. ಸೆಕೆಂಡ್ ಅಲ್ಲ, ನಾಲ್ಕನೆಯದೋ ಐದನೆಯದೋ ಹ್ಯಾಂಡ್. ಹೊಸ ಕ್ರೆಟಾ ಬೆಲೆಗಿಂತ ಕಡಿಮೆಗೆ ಸಿಕ್ಕಿತು ಅಂತ ಖುಷಿ. "ಅಣ್ಣಾ, ಪೋರ್ಷೆ ಐತಿ ಅಂತ ಬರೀರಿ ನಿಮ್ ಪೇಪರ್‌ನಾಗ" ಅಂದ. ಬರೆಯುತ್ತಿದ್ದೇವೆ. ಅವನಿಗೆ ಇಷ್ಟವಾಗುತ್ತದೋ ಇಲ್ಲವೋ.

ಇಂಥ ಗಾಡಿಗಳು ನಮ್ಮ ಕಡೆ ಹೇಗೆ ಬಂದವು ಅನ್ನುವುದು ಗೊತ್ತಿರುವ ಕತೆ. ಚೀನಾದವರು ಅದಿರಿಗೆ ಮುಗಿಬಿದ್ದ ವರ್ಷಗಳು. ಹೊಸಪೇಟೆ, ಸಂಡೂರು, ಬಳ್ಳಾರಿ ರಸ್ತೆಗಳಲ್ಲಿ ಲಾರಿಗಳ ಸಾಲು, ಆ ಸಾಲಿನ ಪಕ್ಕದಲ್ಲೇ ಗಾಜು ಏರಿಸಿಕೊಂಡು ನುಗ್ಗುವ ಬಿಎಂಡಬ್ಲ್ಯು, ರೇಂಜ್ ರೋವರ್. ಆಮದು ಸುಂಕ ಸೇರಿ ಬೆಲೆ ದುಪ್ಪಟ್ಟಾಗುತ್ತಿತ್ತು, ಆದರೂ ಬಂದವು. 2011ರ ಜುಲೈನಲ್ಲಿ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಸಾಲ ಮಾಡಿ ಟಿಪ್ಪರ್ ತಂದಿದ್ದವರು ಮನೆ ಮುಂದೆ ಗಾಡಿ ನಿಲ್ಲಿಸಿಕೊಂಡು ಕೂತರು. ದೊಡ್ಡ ಕಾರುಗಳು ಮಾತ್ರ ಕೈ ಬದಲಿಸುತ್ತಾ ಬದಲಿಸುತ್ತಾ ಈಗ ನಮ್ಮ ಹುಡುಗರ ಕೈಗೆ ಬರುತ್ತಿವೆ.

ಗಾಡಿ ಕೆಟ್ಟದ್ದು ಅಂತ ನಾವು ಹೇಳುವುದಿಲ್ಲ. ಒಳ್ಳೆಯದು. ಬಹಳ ಒಳ್ಳೆಯದು. ನಮ್ಮ ತಕರಾರು ಇರುವುದೇ ಆ ಒಳ್ಳೆಯತನದ ಬಗ್ಗೆ.

ಸ್ವಲ್ಪ ಹಿಂದಿನ ಮಾತು. ಎತ್ತರದ ಗಾಡಿ ಅಂದರೆ ಮೊದಲೆಲ್ಲ ಜೀಪು. ಕೆಳಗೆ ಚಾಸಿ, ಮೇಲೆ ಬಾಡಿ, ಪಾಟಾ ಸ್ಪ್ರಿಂಗ್. 1970ರಲ್ಲಿ ಇಂಗ್ಲೆಂಡಿನ ರೇಂಜ್ ರೋವರ್ ಪಾಟಾ ಬಿಟ್ಟು ಕಾಯಿಲ್ ಸ್ಪ್ರಿಂಗ್ ಹಾಕಿತು, ವಿ8 ಎಂಜಿನ್ ಕೊಟ್ಟಿತು. 1999ರಲ್ಲಿ ಬಿಎಂಡಬ್ಲ್ಯು ಎಕ್ಸ್5 ತಂದಿತು. ಲ್ಯಾಂಡ್ ರೋವರ್ ಆಗ ಬಿಎಂಡಬ್ಲ್ಯು ಕೈಯಲ್ಲೇ ಇತ್ತು, ಹಾಗಾಗಿ ಇಳಿಜಾರಿನಲ್ಲಿ ಗಾಡಿ ತಾನೇ ನಿಧಾನಕ್ಕೆ ಇಳಿಯುವ ತಂತ್ರವನ್ನು ಅಲ್ಲಿಂದ ತೆಗೆದುಕೊಂಡರು. ಆದರೆ ಎಕ್ಸ್5ಗೆ ಲೋ ಗೇರ್ ಇರಲಿಲ್ಲ. ಅದು ಕೆಸರಿಗೆ ಮಾಡಿದ್ದಲ್ಲ, ಟಾರು ರಸ್ತೆಗೆ ಮಾಡಿದ್ದು.

2002ರಲ್ಲಿ ಪ್ಯಾರಿಸ್ ಮೋಟಾರ್ ಶೋನಲ್ಲಿ ಪೋರ್ಷೆ ಕಯೆನ್ ಹೊರಬಂತು. ಎರಡು ಸೀಟಿನ ರೇಸಿನಂಥ ಕಾರು ಮಾಡುತ್ತಿದ್ದವರು ಎತ್ತರದ ಗಾಡಿ ಮಾಡಿದರಲ್ಲ ಅಂತ ಅಭಿಮಾನಿಗಳೇ ಬೈದರು. ಫೋಕ್ಸ್‌ವ್ಯಾಗನ್ ಟುವಾರೆಗ್ ಜೊತೆ ಹಂಚಿಕೊಂಡ ತಳಪಾಯ. ಕಯೆನ್ ಎಸ್‌ಗೆ 4.5 ಲೀಟರಿನ ವಿ8 ಪೆಟ್ರೋಲ್ ಎಂಜಿನ್, 340 ಎಚ್‌ಪಿ. ಟರ್ಬೊಗೆ 450. ಎಸ್ ಮಾಡೆಲ್ಲಿನ ಬರೀ ಗಾಡಿಯ ತೂಕವೇ ಎರಡು ಟನ್ನಿಗಿಂತ ಇನ್ನೂರು ಕೆಜಿ ಹೆಚ್ಚು. ಅಷ್ಟು ತೂಕ ಇಟ್ಟುಕೊಂಡು ಟರ್ಬೊ ನಿಂತಲ್ಲಿಂದ ನೂರರ ವೇಗಕ್ಕೆ ಹೋಗಲು ಆರು ಸೆಕೆಂಡೂ ತೆಗೆದುಕೊಳ್ಳುವುದಿಲ್ಲ.

ನಾಲ್ಕೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್. ಎಂಜಿನ್ ಶಕ್ತಿಯಲ್ಲಿ ನೂರಕ್ಕೆ 62 ಪಾಲು ಹಿಂದಿನ ಚಕ್ರಕ್ಕೆ, 38 ಮುಂದಕ್ಕೆ. ಜಾರಿದರೆ ಗಾಡಿ ತಾನೇ ಪಾಲು ಬದಲಿಸುತ್ತದೆ. ಗಾಳಿಯ ಸಸ್ಪೆನ್ಷನ್ ಇದ್ದ ಗಾಡಿ ಬೇಕೆಂದಾಗ 273 ಮಿಲಿಮೀಟರ್ ಎತ್ತರಕ್ಕೆ ಏಳುತ್ತದೆ, ಅರ್ಧ ಮೀಟರಿಗಿಂತ ಹೆಚ್ಚು ನೀರಿನಲ್ಲಿ ಹೋಗುತ್ತದೆ. (ಹಾಗಂತ ಡ್ಯಾಂ ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮೇಲೆ ಪರೀಕ್ಷೆ ಮಾಡಲು ಹೋಗಬೇಡಿ. ಆ ಅರ್ಧ ಮೀಟರ್ ನಿಂತ ನೀರಿನ ಲೆಕ್ಕ, ಹರಿಯುವ ತುಂಗಭದ್ರೆಯದಲ್ಲ.) ಹೈವೇಯಲ್ಲಿ ವೇಗ ಏರಿದಂತೆ ಅದೇ ಗಾಡಿ ಹಾವಿನಂತೆ ತಗ್ಗಿ ನೆಲಕ್ಕೆ ಹತ್ತಿರವಾಗುತ್ತದೆ.

ಅದೇ 2002ರಲ್ಲಿ ನಮ್ಮಲ್ಲಿ ಸ್ಕಾರ್ಪಿಯೊ ಬಂತು. 2.6 ಲೀಟರ್ ಡೀಸೆಲ್, 109 ಎಚ್‌ಪಿ, ಚಾಸಿ ಮೇಲೆ ಕೂತ ಬಾಡಿ. ಹಳೇ ಸ್ಕಾರ್ಪಿಯೊ ಓಡಿಸಿದವರಿಗೆ ಗೊತ್ತು: ನೂರು ದಾಟಿದರೆ ಸ್ಟೀರಿಂಗ್ ನಡುಗುತ್ತದೆ, ಬಾಗಿಲು ಸದ್ದು ಮಾಡುತ್ತದೆ, ತಿರುವಿನಲ್ಲಿ ಮೈ ವಾಲುತ್ತದೆ, ಹಿಂದೆ ಕೂತ ಅಜ್ಜಿ "ಸಾವಕಾಶ ಹೋಗಪ್ಪಾ" ಅನ್ನುತ್ತಾಳೆ. ಗಾಡಿಯೇ ನಮ್ಮನ್ನು ಹೆದರಿಸುತ್ತದೆ.

ಕಯೆನ್ ಹೆದರಿಸುವುದಿಲ್ಲ.

ಇದು ನಮಗೆ ಮನದಟ್ಟಾಗಿದ್ದು ಟ್ರಯಲ್‌ಗೆ ಹೋದ ದಿನ. ಮೇಸ್ತ್ರಿ ಓಡಿಸುತ್ತಿದ್ದರು, ಹುಡುಗ ಪಕ್ಕದಲ್ಲಿ, ನಾವು ಹಿಂದೆ. ಟಿ.ಬಿ. ಡ್ಯಾಂ ಕಡೆಯಿಂದ ಹೈವೇ ಹತ್ತಿ ಮರಿಯಮ್ಮನಹಳ್ಳಿ ದಿಕ್ಕಿಗೆ ಹೊರಟೆವು. ಎಂಜಿನ್ ಸದ್ದು ದೂರದ ಮನೆಯಲ್ಲಿ ಗಿರಣಿ ನಡೆದಂತೆ. ಕೈಯಲ್ಲಿದ್ದ ನೀರಿನ ಬಾಟಲಿ ತುಳುಕಲಿಲ್ಲ. ಮೇಸ್ತ್ರಿ ಕನ್ನಡಿಯಲ್ಲಿ ನೋಡಿ, "ಎಷ್ಟು ಓಟ ಐತಿ ಹೇಳ್ರಿ ನೋಡೋಣ?" ಅಂದರು. ಎಪ್ಪತ್ತು, ಹೆಚ್ಚೆಂದರೆ ಎಂಬತ್ತು ಅಂದೆವು. ಮೀಟರಿನಲ್ಲಿ 120 ಇತ್ತು.

ನಲವತ್ತು ಕಿಲೋಮೀಟರ್ ವೇಗವನ್ನು ಗಾಡಿ ನಮ್ಮಿಂದ ಬಚ್ಚಿಟ್ಟಿತ್ತು. ಎಂಜಿನಿಯರುಗಳು ವರ್ಷಗಟ್ಟಲೆ ಕೂತು ಸಾಧಿಸಿದ್ದೂ ಅದನ್ನೇ. ಜರ್ಮನಿಯ ಆಟೊಬಾನ್‌ನಲ್ಲಿ, ಎದುರಿಗೆ ಯಾರೂ ಬರದ, ದನ ಅಡ್ಡ ಬರದ ರಸ್ತೆಯಲ್ಲಿ ಅದು ವರ. ನಮ್ಮಲ್ಲಿ?

120ರಲ್ಲಿ ಗಾಡಿ ಒಂದು ಸೆಕೆಂಡಿಗೆ 33 ಮೀಟರ್ ಹೋಗುತ್ತದೆ. ಕಣ್ಣು ಕಂಡು, ತಲೆಗೆ ಹೊಳೆದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ಒಂದು ಸೆಕೆಂಡು ಮುಗಿದಿರುತ್ತದೆ. ಒಣ ರಸ್ತೆ, ಒಳ್ಳೆ ಟಯರ್ ಇದ್ದರೂ ನಿಲ್ಲಲು ಒಟ್ಟು ಸುಮಾರು 100 ಮೀಟರ್ ಬೇಕು. ಅದೇ 60ರಲ್ಲಿ ಸುಮಾರು 35 ಮೀಟರ್. ವೇಗ ಎರಡು ಪಟ್ಟಾದರೆ ಪೆಟ್ಟಿನ ಬಲ ನಾಲ್ಕು ಪಟ್ಟಾಗುತ್ತದೆ, ಹೈಸ್ಕೂಲಿನಲ್ಲಿ ಓದಿದ್ದೇ. ಅದಕ್ಕೆ ಎರಡು ಟನ್ ತೂಕ ಸೇರಿಸಿ. ಬಾನೆಟ್ಟಿನ ಎತ್ತರವನ್ನೂ ಸೇರಿಸಿ: ತಗ್ಗಿನ ಕಾರು ನಡೆದು ಹೋಗುವವನ ಕಾಲಿಗೆ ಬಡಿದರೆ ಇದು ಎದೆಗೆ ಬಡಿಯುತ್ತದೆ. ಮಗುವಾದರೆ ತಲೆಗೆ.

ಮರಿಯಮ್ಮನಹಳ್ಳಿ ಹತ್ತಿರ ಬಂದಾಗ ಯಾರೂ ಮಾತಾಡಲಿಲ್ಲ. 2020ರ ಫೆಬ್ರುವರಿಯಲ್ಲಿ ಅದೇ ಹೈವೇಯಲ್ಲಿ ಹೊರಗಿನಿಂದ ಬಂದವರ ದುಬಾರಿ ಕಾರೊಂದು ಬಡಿದು ರಸ್ತೆ ಬದಿಯಲ್ಲಿದ್ದ ಸ್ಥಳೀಯ ಯುವಕ ಸತ್ತಿದ್ದು, ಕಾರಿನಲ್ಲಿದ್ದವರಲ್ಲೂ ಒಬ್ಬರು ಹೋಗಿದ್ದು ಈ ಭಾಗದವರಿಗೆ ನೆನಪಿದೆ. ಕಾರು ಯಾರದು, ಓಡಿಸುತ್ತಿದ್ದವರು ಯಾರು ಅಂತ ಟೀವಿಯವರು ದಿನಗಟ್ಟಲೆ ಚರ್ಚೆ ಮಾಡಿದರು. ಸತ್ತ ಹುಡುಗನ ಮನೆಯ ಸುದ್ದಿ ಅಷ್ಟು ದಿನ ನಡೆಯಲಿಲ್ಲ.

"ದೊಡ್ಡ ಗಾಡಿ ಸೇಫು" ಅನ್ನುತ್ತಾರೆ. ಒಳಗೆ ಕೂತವರಿಗೆ ಹೌದು. ಏರ್‌ಬ್ಯಾಗ್ ಇದೆ, ಜಾರಿದರೆ ಹಿಡಿದು ನಿಲ್ಲಿಸುವ ಎಲೆಕ್ಟ್ರಾನಿಕ್ಸ್ ಇದೆ, ಅದು ಜೀವ ಉಳಿಸುವ ವಸ್ತುವೇ. ಆದರೆ ರಸ್ತೆ ಗಾಡಿಯೊಳಗೆ ಕೂತವರದು ಮಾತ್ರ ಅಲ್ಲವಲ್ಲ.

ವಾಪಸು ಬಂದು ಕಮಲಾಪುರ ದಾಟಿ ಕಂಪ್ಲಿ ಕಡೆ ಹೊರಟಾಗ ಹುಡುಗ ಸ್ಟೀರಿಂಗ್ ಹಿಡಿದ. ಹಂಪಿ ನೋಡಿ ಮರಳುವ ಟೆಂಪೊಗಳು, ಸ್ಕೂಟಿಗಳು. ಸಂಜೆ ಆರೂವರೆ. ಗದ್ದೆಗಳಲ್ಲಿ ಕೊಯ್ಲು ಮುಗಿದು ಹುಲ್ಲು ಸಾಗಿಸುವ ಸಮಯ. ಹುಡುಗ ಜೋರಾಗಿ ಹೋಗುತ್ತಿದ್ದಾನೆ ಅಂತ ನಮಗೆ ಅನ್ನಿಸಲೇ ಇಲ್ಲ, ಅವನಿಗೂ ಅನ್ನಿಸಿರಲಿಕ್ಕಿಲ್ಲ. ಮೀಟರ್ ನೋಡಿ ಹೇಳಬೇಕಿತ್ತು, ಹೇಳಲಿಲ್ಲ. ತಿರುವು ದಾಟಿದ ಕೂಡಲೇ ಎದುರಿಗೆ ಭತ್ತದ ಹುಲ್ಲಿನ ಗುಡ್ಡ. ಟ್ರ್ಯಾಕ್ಟರ್ ಟ್ರೇಲರಿನ ಎರಡೂ ಬದಿ ಹೊರಚಾಚಿದ ಹುಲ್ಲು, ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇದ್ದಿದ್ದರೂ ಹುಲ್ಲಿನಡಿ ಮುಚ್ಚಿಹೋಗಿತ್ತು.

ಕಯೆನ್ ನಿಂತಿತು. ನೇರವಾಗಿ, ಆಚೀಚೆ ಹೊರಳದೆ, ಟ್ರೇಲರಿಗೆ ಒಂದಾಳು ದೂರದಲ್ಲಿ ನಿಂತಿತು. ಮುಂದಿನ ಒಂದೊಂದು ಚಕ್ರದ ಬ್ರೇಕಿಗೂ ಆರು ಪಿಸ್ಟನ್ ಇರುವ ಗಾಡಿ, ಅದರ ಕೆಲಸ ಅದು ಮಾಡಿತು. ಆದರೆ ನಮ್ಮ ಹಿಂದೆ ಬರುತ್ತಿದ್ದ ಟಿವಿಎಸ್ ಎಕ್ಸೆಲ್ಲಿಗೆ ಆರು ಪಿಸ್ಟನ್ ಇಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡಿದ್ದ ಯಜಮಾನರು ನಮಗೆ ಗುದ್ದುವುದನ್ನು ತಪ್ಪಿಸಲು ರಸ್ತೆ ಬಿಟ್ಟು ಗದ್ದೆಯ ಬದುವಿಗೆ ಇಳಿದು ಬಿದ್ದರು. ಮೊಣಕೈ ಕಿತ್ತು ರಕ್ತ, ಹಾಲೆಲ್ಲ ಮಣ್ಣುಪಾಲು. ಎತ್ತಿ ಕೂರಿಸಿದೆವು. "ನಿಮ್ ಗಾಡಿ ನಿಂತ್ತು ಬಿಡ್ರಿ. ಹಿಂದಿಂದು ಹೆಂಗ್ ನಿಲ್ಬೇಕು?" ಅಂದರು. ಉತ್ತರ ನಮ್ಮ ಹತ್ತಿರ ಇರಲಿಲ್ಲ. ಹುಡುಗ ಹಾಲಿನ ದುಡ್ಡು ಕೊಟ್ಟ, ಔಷಧಿಗೂ ಕೊಟ್ಟ. ಅವರು ಹಾಲಿನದ್ದಷ್ಟೇ ತೆಗೆದುಕೊಂಡರು.

ಟ್ರ್ಯಾಕ್ಟರಿನವನದೂ ತಪ್ಪಿದೆ, ಅದನ್ನು ಮುಚ್ಚಿಡುವುದಿಲ್ಲ. ಹುಲ್ಲು ಹೇರುವಾಗ ಹಿಂದೆ ಕಾಣುವಂತೆ ಒಂದು ಕೆಂಪು ಲೈಟು, ಎರಡು ಪಟ್ಟಿ ರಿಫ್ಲೆಕ್ಟರ್ ಹುಲ್ಲಿನ ಮೇಲೇ ಕಟ್ಟಿದರೆ ಆಗುವ ಖರ್ಚು ಒಂದು ಊಟದ್ದು. ಕೊಯ್ಲಿನ ತಿಂಗಳಲ್ಲಿ ಪಂಚಾಯ್ತಿಯವರು, ಸೊಸೈಟಿಯವರು ಅದನ್ನು ಹಂಚಬಹುದು. ಕಂಪ್ಲಿ, ಸಂಡೂರು, ಕಮಲಾಪುರದ ಒಳರಸ್ತೆಗಳಲ್ಲಿ ವೇಗ ಹಿಡಿಯುವ ವ್ಯವಸ್ಥೆ ಬೇಕು. ಹೆಲ್ಮೆಟ್ ಹಿಡಿಯಲು ನಿಲ್ಲುವ ಪೊಲೀಸರು ದೊಡ್ಡ ಗಾಡಿಯ ಮುಂದೆಯೂ ಕೈ ಅಡ್ಡ ಮಾಡಬೇಕು. ಗಣಿ ಕಾಲದಲ್ಲಿ ಕಪ್ಪು ಗಾಜಿನ ಗಾಡಿ ಕಂಡರೆ ಬ್ಯಾರಿಕೇಡ್ ಸರಿಸುವ ಚಾಳಿ ಬಿದ್ದದ್ದು ಇನ್ನೂ ಪೂರ್ತಿ ಹೋಗಿಲ್ಲ ಅನ್ನುವುದು ನಮ್ಮ ಅನಿಸಿಕೆ.

ಇದು ಪೋರ್ಷೆ ಕೊಳ್ಳುವ ನಾಲ್ಕು ಜನರ ವಿಷಯ ಅಂದುಕೊಳ್ಳಬೇಡಿ. ಆ ಕಾಲದ ದುಬಾರಿ ಗಾಡಿಗಳಲ್ಲಿ ಬಂದ ಪಾಕ ಈಗ ಹದಿನೈದು ಲಕ್ಷದ ಗಾಡಿಗೂ ಇಳಿದಿದೆ: ಎತ್ತರ, ಭಾರ, ಟರ್ಬೊ, ಸದ್ದಿಲ್ಲದ ಕ್ಯಾಬಿನ್. ನಮ್ಮ ಊರುಗಳ ಮದುವೆ ದಿಬ್ಬಣದಲ್ಲಿ ಅಂಥವು ಎಷ್ಟಿರುತ್ತವೆ ಎಣಿಸಿ ನೋಡಿ. ಹಳೇ ಸ್ಕಾರ್ಪಿಯೊದ ನಡುಕ ಈಗಿನ ಗಾಡಿಯಲ್ಲಿಲ್ಲ. ರಸ್ತೆ ಮಾತ್ರ ಅದೇ, ಅದರ ಮೇಲೆ ನಡೆಯುವವರೂ ಅವರೇ.

ಗ್ಯಾರೇಜಿಗೆ ಮರಳಿದ ಮೇಲೆ ಮೇಸ್ತ್ರಿ ಮೊದಲು ಮಾಡಿದ ಕೆಲಸ, ಮೊಬೈಲ್ ಟಾರ್ಚ್ ಹಿಡಿದು ಟಯರ್ ಪಕ್ಕದಲ್ಲಿ ಕೂತಿದ್ದು. ಟಯರಿನ ಮೈಮೇಲೆ ನಾಲ್ಕು ಅಂಕಿ ಒತ್ತಿರುತ್ತಾರೆ; ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅದರಲ್ಲಿ 2314 ಅಂತಿತ್ತು, ಅಂದರೆ 2014ರ 23ನೇ ವಾರ. ಗಾಡಿ ನಿಂತೇ ಇದ್ದದ್ದರಿಂದ ಗ್ರಿಪ್ ಹೊಸದರಂತೆ ಕಾಣುತ್ತಿತ್ತು, ಬದಿಯಲ್ಲಿ ಮಾತ್ರ ಕೂದಲೆಳೆಯಂಥ ಬಿರುಕು. "ಗ್ರಿಪ್ ಐತಲ್ಲ ಅಂತ ನಾನೂ ನೋಡ್ಲಿಲ್ಲ" ಅಂದರು, ತಮಗೇ ಬೈದುಕೊಳ್ಳುತ್ತಾ.

ಹುಡುಗ 18 ಇಂಚಿನ ನಾಲ್ಕು ಟಯರಿನ ರೇಟ್ ಕೇಳಿ ಸುಮ್ಮನಾದ. ಸದ್ಯಕ್ಕೆ ಎರಡು ಹಾಕಿ ಕೊಡಿ ಮೇಸ್ತ್ರಿ, ಕೊಯ್ಲಿನ ದುಡ್ಡು ಬಂದ ಮೇಲೆ ಉಳಿದೆರಡು ಅಂದ. ಮೇಸ್ತ್ರಿ ಕೀ ತೆಗೆದು ಜೇಬಿಗೆ ಹಾಕಿಕೊಂಡರು. ನಾಲ್ಕು ಬಂದ ದಿನ ಕೀ, ಅಲ್ಲಿವರೆಗೂ ನಿನ್ ಬೈಕಿನಾಗ ಅಡ್ಡಾಡು ಅಂದರು. ಮೊನ್ನೆ ಹೋದಾಗಲೂ ಗಾಡಿ ಅಲ್ಲೇ ನಿಂತಿತ್ತು, ಮೇಲೆ ತಾಡಪಾಲು ಹೊದಿಸಿದ್ದರು.