ಸೀರೆ ಉಡುವುದು ಅಪರಾಧವೆ?



ಅಮೇರಿಕದ ಟೆನೆಸೀ ರಾಜ್ಯವು 2023ರಲ್ಲಿ ಒಂದು ಕಾನೂನು ಮಾಡಿತು. ಅಶ್ಲೀಲ ಪ್ರದರ್ಶನ ಮಕ್ಕಳ ಕಣ್ಣಿಗೆ ಬೀಳಬಾರದೆಂದು ಅದರ ನೆಪ. ಬೀಳಬೇಕೆಂದವರು ಯಾರು? ಆದರೆ ಆ ಪಟ್ಟಿಯಲ್ಲಿ ಹೆಣ್ಣುವೇಷದ ಗಂಡನ್ನೂ ಗಂಡುವೇಷದ ಹೆಣ್ಣನ್ನೂ ಸೇರಿಸಿದರು. ಅಶ್ಲೀಲತೆ ತಡೆಯಲು ವೇಷದ ಮಾತೇಕೆ?

ಪರದೇಶದ ಸುದ್ದಿಯೆಂದು ನಗಬೇಡಿ. ಬೀದರ, ಗುಲ್ಬರ್ಗ, ರಾಯಚೂರು ಸೇರಿದ್ದ ನಿಜಾಮರ ಸೀಮೆಯಲ್ಲಿ 1919ರ ಕಾನೂನೊಂದಿತ್ತು. ಹಿಜಡಾ ಎನಿಸಿಕೊಂಡವರು ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ ವಾರಂಟಿಲ್ಲದೆ ಹಿಡಿಯಬಹುದಿತ್ತು. ತೆಲಂಗಾಣ ಹೈಕೋರ್ಟು ಅದನ್ನು ರದ್ದುಮಾಡಿದ್ದು 2023ರಲ್ಲಿ! ಉಡುಗೆಯೇ ಅಪರಾಧವಾದಾಗ ಮೊದಲ ಪೆಟ್ಟು ಬಡವರಿಗೆ.

ಎರಡನೆಯ ಪೆಟ್ಟು ಶಾಲೆಗೆ. ಶಾಲೆಯ ನಾಟಕ ಇಂಥ ಕಾನೂನಿಗೆ ಸಿಕ್ಕದೆಂದು ವಕೀಲರು ಹೇಳಬಹುದು. ಆದರೆ ಪೋಲೀಸರು ಬರುವುದೇ ಬೇಡ. ಒಬ್ಬ ಪೋಷಕರು ದೂರು ಕೊಟ್ಟಾರೆಂದು ಹೆದರಿ ಹೆಡ್‌ಮಾಸ್ತರರೇ ನಾಟಕ ನಿಲ್ಲಿಸುತ್ತಾರೆ. ವಡಾಲದ ಹುಡುಗ ದ್ರೌಪದಿಯಾಗನು, ಹುಡುಗಿ ಭೀಮನಾಗಳು.

ನಮ್ಮ ಯಕ್ಷಗಾನದ ಸ್ತ್ರೀವೇಷ ಕಟ್ಟಿದವರು ಗಂಡಸರೇ. ಬಾಲಗಂಧರ್ವರು ಸೀರೆಯುಟ್ಟು ರಂಗವೇರಿದಾಗ ಈ ಮುಂಬಯಿ ಕೈಮುಗಿಯಿತು. ಹೋಟೆಲಿನ ಮಾಣಿಗಳು ರಾತ್ರಿಶಾಲೆಯಲ್ಲಿ ಕಲಿತ ಕಾಲದಲ್ಲಿ ಹೆಣ್ಣುಪಾತ್ರಕ್ಕೆ ಹೆಣ್ಣುಮಕ್ಕಳೆಲ್ಲಿದ್ದರು? ಹಗಲು ಕಪ್ಪು-ಬಸಿ ತೊಳೆದ ಕೈಗೇ ಬಳೆ ತೊಡಿಸಿದೆವು. ಅದರಿಂದ ಯಾರ ಮನೆ ಕೆಟ್ಟಿತು?

ನಮ್ಮ ಬೇಡಿಕೆ ಒಂದೇ: ಕೆಟ್ಟ ಕೃತ್ಯವನ್ನು ಶಿಕ್ಷಿಸಿರಿ, ವೇಷವನ್ನಲ್ಲ. ಇಂಥ ಮಸೂದೆ ಇಲ್ಲಿ ತಲೆಯೆತ್ತಿದರೆ ಸಂಘಗಳೆಲ್ಲ ಒಂದಾಗಿ ಎದುರಿಸತಕ್ಕದ್ದು. ಅಷ್ಟರವರೆಗೆ, ಮಕ್ಕಳ ಮುಖಕ್ಕೆ ಬಣ್ಣ ಹಚ್ಚಿರಿ!