ಮುಚ್ಚಿದ ಪೆಟ್ಟಿಗೆಯ ದರ್ಜೆ

ಹಿಂದೆ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕುಳಿತಿರುತ್ತಿದ್ದು, ಈಗ ಮುಂಬಯಿಯ ಕೋಟೆ ವಿಭಾಗದಲ್ಲಿ ಗುಮಾಸ್ತನಾಗಿರುವ ಕುಂದಾಪುರ ಕಡೆಯ ತರುಣನೊಬ್ಬನು ಕಳೆದ ವಾರ ಪತ್ರಿಕಾ ಕಚೇರಿಗೆ ಬಂದಿದ್ದನು. ಕೈಯಲ್ಲಿದ್ದ ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿದನು. ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಮತ್ತೊಂದು ಪುಟ್ಟ ಪೆಟ್ಟಿಗೆ, ಮೇಲ್ಗಡೆ ಚೀಟಿ, ಚೀಟಿಯಲ್ಲಿ ಒಂದು ಅಂಕ. ಒಳಗಿದ್ದುದು ಟೆಲಿವಿಷನ್ನಿಗೆ ಜೋಡಿಸಿ ಆಡುವ ಹಳೆಯ ವಿಡಿಯೋ ಆಟ, ನಮ್ಮ ಮಕ್ಕಳು ಕ್ಯಾಸೆಟ್ಟು ಎಂದು ಕರೆಯುತ್ತಿದ್ದ ವಸ್ತು. ಬೆಲೆ 40,000 ರೂಪಾಯಿ.

“ಧನಿಗಳೇ, ಅಮೆರಿಕೆಯಲ್ಲಿ ಇಂಥದೊಂದು ಹದಿನೈದು ಕೋಟಿಗೆ ಹೋಗಿದೆಯಂತೆ. ತಂಗಿಯ ಕಾಲೇಜಿಗೆಂದು ಇಟ್ಟ ಹಣವಿದೆ. ತೆಗೆದುಕೊಳ್ಳಲೇ?” ಎಂದು ಕೇಳಿದನು.

ಎಸ್.ಎಸ್.ಎಲ್.ಸಿ.ಯಲ್ಲಿಯೇ ನಿಂತ ನಮ್ಮ ವಿದ್ಯೆಗೆ ಈ ವಿಷಯವು ಹೊಸತು. ಆದುದರಿಂದ ಎರಡು ದಿನ ತಡೆ ಎಂದು ಅವನಿಗೆ ಹೇಳಿ, ಓದಿ ತಿಳಿದುಕೊಂಡೆವು. ತಿಳಿದುದನ್ನು ವಾಚಕರ ಮುಂದಿಡುವುದು ಯುಕ್ತವೆಂದು ತೋರಿತು. ಏಕೆಂದರೆ ಅವನಂತೆ ತಿಂಗಳ ಪಗಾರದಲ್ಲಿ ಅಷ್ಟಿಷ್ಟು ಉಳಿಸುವವರೇ ನಮ್ಮ ಓದುಗರಲ್ಲಿ ಹೆಚ್ಚಿನವರು.

ಅವನು ಕೇಳಿದ ಸುದ್ದಿ ಸುಳ್ಳಲ್ಲ. 2021ರ ಜುಲೈಯಲ್ಲಿ ಹೆರಿಟೇಜ್ ಎಂಬ ಅಮೆರಿಕನ್ ಹರಾಜು ಸಂಸ್ಥೆಯಲ್ಲಿ ಝೆಲ್ಡಾ ಎಂಬ ಆಟದ ಒಡೆಯದ ಪ್ರತಿಯೊಂದು 8,70,000 ಡಾಲರಿಗೆ ಹೋಯಿತು. ಎರಡೇ ದಿನಗಳಲ್ಲಿ ಆ ದಾಖಲೆಯೂ ಮುರಿದು, ಸೂಪರ್ ಮಾರಿಯೋ 64 ಎಂಬ ಆಟದ ಒಂದು ಪ್ರತಿಗೆ 15,60,000 ಡಾಲರು ಬಂದಿತು. ಅಂದಿನ ವಿನಿಮಯದಲ್ಲಿ ಹನ್ನೊಂದೂವರೆ ಕೋಟಿ ರೂಪಾಯಿಗೆ ಕಡಿಮೆಯಿಲ್ಲ. ಮರುತಿಂಗಳು 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟವೊಂದು 20 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. ಇವು ಅಪರೂಪದ ವಸ್ತುಗಳೆಂದು ಯಾರೂ ಭಾವಿಸಬೇಕಾಗಿಲ್ಲ. 1996ರಲ್ಲಿ ಹೊರಬಂದ ಮಾರಿಯೋ 64 ಲೋಕದಲ್ಲಿ ಒಂದು ಕೋಟಿಗೂ ಮಿಕ್ಕಿ ಮಾರಾಟವಾದ ಆಟ. ಹನ್ನೊಂದೂವರೆ ಕೋಟಿ ಬಂದುದು ಆಟಕ್ಕಲ್ಲ. ಅದರ ಮೇಲಿನ ಚೀಟಿಗೆ. ಆ ಚೀಟಿಯಲ್ಲಿ ಹತ್ತಕ್ಕೆ 9.8 ಎಂದು ಬರೆದಿತ್ತು.

ಈ ಅಂಕ ಕೊಡುವುದೇ ಒಂದು ವೃತ್ತಿಯಾಗಿದೆ. ಆಟಗಳಿಗೆ ವಾಟಾ ಎಂಬ ಸಂಸ್ಥೆಯು ಪ್ರಸಿದ್ಧವಾಯಿತು. ಮಾಲೀಕನು ವಸ್ತುವನ್ನು ಕಳುಹಿಸುತ್ತಾನೆ. ಪರೀಕ್ಷಕರು ಪೆಟ್ಟಿಗೆಯ ಮೂಲೆ, ಮೇಲಿನ ಹೊದಿಕೆ ಮುಂತಾದುವನ್ನು ನೋಡಿ ಅಂಕ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಹಿಂತಿರುಗಿಸುತ್ತಾರೆ. ಇದರಿಂದ ಪ್ರಯೋಜನವೇ ಇಲ್ಲವೆಂದರೆ ಅನ್ಯಾಯವಾದೀತು. ಹಳೆಯ ಪೆಟ್ಟಿಗೆಗೆ ಹೊಸ ಹೊದಿಕೆ ಸುತ್ತಿ ‘ಒಡೆಯದ್ದು’ ಎಂದು ಮಾರುವ ಠಕ್ಕರಿದ್ದಾರೆ. ದೂರದಲ್ಲಿದ್ದುಕೊಂಡು ಕೊಳ್ಳುವವನಿಗೆ ಬಲ್ಲವನೊಬ್ಬನ ಕಣ್ಣು ಬೇಕೇ ಬೇಕು.

ನಾವು ಹೋಟೆಲು ನಡೆಸುತ್ತಿದ್ದಾಗ ಕಾಫಿಬೀಜವನ್ನು ದರ್ಜೆ ಕೇಳಿಯೇ ತರಿಸುತ್ತಿದ್ದೆವು. ಪ್ಲಾಂಟೇಷನ್ ಎ, ಪೀಬರಿ ಇತ್ಯಾದಿ ದರ್ಜೆಗಳನ್ನು ಕಾಫಿಸೀಮೆಯ ನಮ್ಮವರು ಬಲ್ಲರು. ಬೀಜವನ್ನು ಜರಡಿ ಹಿಡಿದು ಗಾತ್ರ ನೋಡಿ ವಿಂಗಡಿಸುವ ಕ್ರಮವದು. ಒಮ್ಮೆ ಎ ದರ್ಜೆಯೆಂದು ಬಂದ ಮೂಟೆಯಲ್ಲಿ ಮೇಲೆ ಮಾತ್ರ ಒಳ್ಳೆಯ ಬೀಜವಿದ್ದು ಕೆಳಗೆಲ್ಲ ಒಡಕು ತುಂಬಿತ್ತು. ಅಡಿಗೆಯವನು ಗೊಣಗಿದನು, ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಸಾಯಂಕಾಲದೊಳಗೆ ಮೂರು ನಾಲ್ಕು ಮಂದಿ ಖಾಯಂ ಗಿರಾಕಿಗಳು ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದರು. ಮರುದಿನ ಮೂಟೆ ಬಂದ ದಾರಿಯಲ್ಲಿಯೇ ಹಿಂದಕ್ಕೆ ಹೋಯಿತು. ದರ್ಜೆಯು ಸುಳ್ಳಾದರೆ ಅದನ್ನು ಹಿಡಿಯುವುದಕ್ಕೆ ನಾಲಿಗೆಯಿತ್ತು.

ಈ ಪೆಟ್ಟಿಗೆಗೆ ನಾಲಿಗೆಯೆಲ್ಲಿ? ತೆರೆದರೆ ಬೆಲೆ ಹೋಯಿತು. ಆಡಿದರಂತೂ ಮುಗಿದೇ ಹೋಯಿತು. ಕೊಂಡವನು ಪರೀಕ್ಷಿಸಕೂಡದೆಂಬುದೇ ಈ ವ್ಯಾಪಾರದ ಮೊದಲನೆಯ ಕರಾರು. ಆದುದರಿಂದ ಅಂಕ ಹಾಕುವವನು ಯಾರು, ಅವನಿಗೆ ಕೂಲಿ ಕೊಡುವವರು ಯಾರು ಎಂಬ ಪ್ರಶ್ನೆಯನ್ನು ಕಾಫಿಗಿಂತ ಹತ್ತು ಪಾಲು ಕಟ್ಟುನಿಟ್ಟಾಗಿ ಕೇಳಬೇಕಾಗುತ್ತದೆ. ಕೂಲಿ ಕೊಡುವವನು ಮಾರುವವನೇ. ಈ ದರ್ಜೆಯ ವೃತ್ತಿಯಲ್ಲಿ ವಸ್ತುವಿನ ಬೆಲೆ ಹೆಚ್ಚಿದಂತೆ ಪರೀಕ್ಷೆಯ ಶುಲ್ಕವೂ ಹೆಚ್ಚುವ ಪದ್ಧತಿಯಿದೆ. ತೂಕದವನಿಗೆ ತೂಕ ಹೆಚ್ಚಿದಷ್ಟೂ ಕೂಲಿಯೆಂದರೆ ತಕ್ಕಡಿ ಯಾವ ಕಡೆ ವಾಲೀತು?

2019ರಲ್ಲಿ ಮಾರಿಯೋ ಆಟವೊಂದು ಮೊದಲ ಬಾರಿಗೆ ಲಕ್ಷ ಡಾಲರು ದಾಟಿ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಕೊಂಡ ಮೂವರಲ್ಲಿ ಒಬ್ಬರು ಮುಂದೆ ಈ ಆಟಗಳನ್ನು ಹರಾಜು ಹಾಕಿದ ಹೆರಿಟೇಜ್ ಸಂಸ್ಥೆಯ ಸಂಸ್ಥಾಪಕರಲ್ಲೊಬ್ಬರು. ಇದನ್ನು ಅವರು ಮುಚ್ಚಿಟ್ಟಿರಲಿಲ್ಲ, ಪ್ರಕಟವಾಗಿಯೇ ಇತ್ತು. ಆದರೂ ಮಾರಿಸುವವನ ಮನೆಯವರೇ ಕೊಂಡುದನ್ನು ಪೇಟೆಯ ಧಾರಣೆಯೆಂದು ಎಣಿಸಬಹುದೇ ಎಂಬ ಪ್ರಶ್ನೆ ಉಳಿಯುತ್ತದೆ. 2022ರಲ್ಲಿ ಕೆಲವು ಗಿರಾಕಿಗಳು ವಾಟಾ ಸಂಸ್ಥೆಯ ಮೇಲೆ ಕ್ಯಾಲಿಫೋರ್ನಿಯದಲ್ಲಿ ದಾವೆ ಹೂಡಿ, ಬೆಲೆಯನ್ನು ಕೃತಕವಾಗಿ ಏರಿಸಲಾಗಿದೆಯೆಂದು ದೂರಿದರು. ಸಂಸ್ಥೆಗಳು ದೂರನ್ನು ಅಲ್ಲಗಳೆದಿವೆ. ಅದರಲ್ಲಿ ತೀರ್ಪು ಹೇಳುವುದು ನಮ್ಮ ಕೆಲಸವಲ್ಲ.

ದರ್ಜೆಯವರ ಕಣ್ಣು ತಪ್ಪುವುದಿಲ್ಲವೇ ಎಂದರೆ, ಅದಕ್ಕೆ ನ್ಯಾಯಾಲಯದಲ್ಲಿಯೇ ಒಪ್ಪಿಕೊಂಡ ದೃಷ್ಟಾಂತವಿದೆ. ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಚಿತ್ರವುಳ್ಳ, ಹಿಂದೆ ಸಿಗರೇಟು ಪೊಟ್ಟಣದೊಂದಿಗೆ ಬರುತ್ತಿದ್ದ ಕಾರ್ಡೊಂದಿದೆ. ಪಿ.ಎಸ್.ಎ. ಎಂಬ ಸಂಸ್ಥೆಯು 1991ರಲ್ಲಿ ಮೊಟ್ಟಮೊದಲನೆಯದಾಗಿ ದರ್ಜೆ ಕೊಟ್ಟುದು ಇದಕ್ಕೇ, ಅಂಕ 8. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಮಾರಾಟವಾಯಿತು. ಅದರ ಅಂಚುಗಳನ್ನು ತಾನೇ ಕತ್ತರಿಸಿ ಚೊಕ್ಕಟ ಮಾಡಿದ್ದೆನೆಂದು ಹಿಂದೆ ಅದನ್ನು ಮಾರಿದ್ದ ವರ್ತಕನು 2013ರಲ್ಲಿ ಒಪ್ಪಿಕೊಂಡನು. ಅಂಚು ಕತ್ತರಿಸಿದ ಕಾರ್ಡಿಗೆ ಅಂಥ ಅಂಕ ಸಲ್ಲದೆಂಬುದು ಆ ವೃತ್ತಿಯದೇ ನಿಯಮ!

ನಾಣ್ಯಗಳಲ್ಲಿಯೂ ಹೀಗೆಯೇ ನಡೆದಿತ್ತು. 1986ರಲ್ಲಿ ಅಮೆರಿಕೆಯ ನಾಣ್ಯ ವರ್ತಕರು ದರ್ಜೆಯ ಪ್ಲಾಸ್ಟಿಕ್ ಡಬ್ಬಿಗಳನ್ನು ಬಳಕೆಗೆ ತಂದರು. ನಾಣ್ಯವನ್ನು ನೋಡದೆಯೇ ಕೊಳ್ಳಬಹುದೆಂದಾಯಿತು. ಷೇರುಪೇಟೆಯ ಹಣ ನುಗ್ಗಿತು. 1989ರವರೆಗೆ ಏರಿದ ಧಾರಣೆ ಮರುವರ್ಷ ಕುಸಿಯಿತು. ವಿಡಿಯೋ ಆಟಗಳ ಪೇಟೆಯೂ 2021ರ ಬಿಸಿಯಲ್ಲಿ ನಿಲ್ಲಲಿಲ್ಲ, ಅನಂತರದ ವರ್ಷಗಳಲ್ಲಿ ಇಳಿಯಿತು. ಕೋಟಿಯ ಸುದ್ದಿ ಕುಂದಾಪುರದವನ ಕಿವಿಗೂ ಮುಟ್ಟಿತು, ಇಳಿದ ಸುದ್ದಿ ಮುಟ್ಟಲಿಲ್ಲ.

ಹಳೆಯ ವಸ್ತುವಿನ ಮೇಲಿನ ಪ್ರೀತಿಯನ್ನು ನಾವು ಹಳಿಯುವವರಲ್ಲ. ಚೋರ್ ಬಜಾರಿನಲ್ಲಿ ಗ್ರಾಮೊಫೋನ್ ತಟ್ಟೆಗಳನ್ನು ಆರಿಸಿ ತಂದು ಭಾನುವಾರ ಕೇಳುವ ಸ್ನೇಹಿತರು ನಮಗಿದ್ದಾರೆ. ಗೀಚು ಬಿದ್ದ ತಟ್ಟೆಯೂ ಅವರಿಗೆ ಹಾಡುತ್ತದೆ. ನಾಳೆ ಬೆಲೆ ಬರದಿದ್ದರೂ ಇಂದಿನ ಸಂಗೀತ ನಷ್ಟವಾಗುವುದಿಲ್ಲ.

ಎರಡು ದಿನ ಕಳೆದು ತರುಣನು ಬಂದನು. ಅವನಿಗೆ ಬೇಡವೆನ್ನಲಿಲ್ಲ, ಬೇಡವೆಂದರೆ ಈ ವಯಸ್ಸಿನವರು ಕೇಳುವುದೂ ಇಲ್ಲ. ಮಾರುವವನಿಗೆ ಒಂದು ಮಾತು ಬರೆದು ಕೇಳೆಂದೆವು: “ಆರು ತಿಂಗಳ ಮೇಲೆ ನಾನು ಹಿಂದಕ್ಕೆ ತಂದರೆ, ಚೀಟಿಯ ಅಂಕ ಅದೇ ಇದ್ದಲ್ಲಿ, 30,000ಕ್ಕಾದರೂ ನೀವೇ ತೆಗೆದುಕೊಳ್ಳುವಿರಾ?” ಅವನು ನಮ್ಮ ಎದುರಿನಲ್ಲಿಯೇ ಬರೆದು ಕಳುಹಿಸಿದನು. ನಿನ್ನೆ ರಾತ್ರಿ ಉತ್ತರ ಬಂದಿತಂತೆ. ಪ್ರಶ್ನೆಯ ವಿಷಯ ಅದರಲ್ಲಿರಲಿಲ್ಲ. ಇನ್ನೂ ಇಬ್ಬರು ಕೇಳುತ್ತಿದ್ದಾರೆ, ಬೇಗ ನಿಶ್ಚಯಿಸಿರಿ ಎಂದಿತ್ತು. ತಂಗಿಯ ಶುಲ್ಕದ ಕಂತನ್ನು ಬರುವ ಸೋಮವಾರ ಕಟ್ಟುವನಂತೆ.