ಚಳಿಗಾಲದ ಹಿತ್ತಲು

ಶೀಗೀಹುಣ್ಣಿವೆಯ ದಿನ ನಮ್ಮ ಒಕ್ಕಲಿಗ ಬಂಧುಗಳು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಭೂಮಿತಾಯಿಯನ್ನು ಪೂಜಿಸುವರು. ಪಟ್ಟಣದ ಸುಶಿಕ್ಷಿತರಿಗಾದರೋ ಅಂದು ಹೋಳಿಗೆಯ ಊಟವಷ್ಟೇ ಉಳಿದಿದೆ. ಭೂಮಿಯೊಡನೆ ಅವರಿಗಿರುವ ಸಂಬಂಧವು ಸಂತೆಯ ಚೀಲದಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುವದು. ಹಿಂಗಾರಿಯ ಈ ಹೊತ್ತಿನಲ್ಲಿ ನಾವು ವಾಚಕರ ಲಕ್ಷ್ಯವನ್ನು ಮನೆಯ ಹಿತ್ತಲಿನ ಕಡೆಗೆ, ಅದರಲ್ಲಿಯೂ ಬೆಳ್ಳುಳ್ಳಿಯಂಥ ಸಣ್ಣ ಬೆಳೆಯ ಕಡೆಗೆ, ಎಳೆಯಬಯಸುತ್ತೇವೆ.

ಸಣ್ಣದೆಂದು ಯಾರೂ ನಗಬೇಕಾಗಿಲ್ಲ. 2024ನೆಯ ಇಸವಿಯ ಆರಂಭದಲ್ಲಿ ಹಲವು ಪಟ್ಟಣಗಳ ಪೇಟೆಗಳಲ್ಲಿ ಬೆಳ್ಳುಳ್ಳಿಯ ಧಾರಣೆಯು ಕಿಲೋಗ್ರಾಮಿಗೆ 400 ರೂಪಾಯಿಗಳನ್ನು ಮುಟ್ಟಿದ್ದನ್ನು ಗೃಹಿಣಿಯರು ಮರೆತಿಲ್ಲ. ದೇಶದಲ್ಲಿ ಬೆಳೆಯುವ ಬೆಳ್ಳುಳ್ಳಿಯಲ್ಲಿ ಅತ್ಯಂತ ದೊಡ್ಡ ಪಾಲು ಮಧ್ಯಪ್ರದೇಶದ್ದು. ದೂರದ ಹೊಲದಲ್ಲಿ ಬೆಳೆ ತಪ್ಪಿದರೆ ನಮ್ಮ ಮನೆಯ ಒಗ್ಗರಣೆ ತಪ್ಪುವದು. ಹಿತ್ತಲಲ್ಲಿ ಮಣ್ಣಿದ್ದೂ ಹೀಗಾಗುವದು, ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆಯೇ ಸರಿ.

ಬೆಳ್ಳುಳ್ಳಿಗೆ ಬೀಜವಿಲ್ಲ, ಎಸಳೇ ಅದರ ಬೀಜ. ಎಳೆಯ ಸಸಿಗೆ ತಂಪು ಬೇಕು, ಗಡ್ಡೆ ಬಲಿಯುವಾಗ ಹಗಲು ಬೆಳೆದು ಹವೆ ಒಣಗಿರಬೇಕು. ಆದುದರಿಂದಲೇ ಅಕ್ಟೋಬರ-ನವೆಂಬರಗಳಲ್ಲಿ ಅದನ್ನು ನೆಡುವ ರೂಢಿ. ತಡಮಾಡಿ ನೆಟ್ಟರೆ ಎಲೆ ಹರವಿಕೊಳ್ಳುವ ಮೊದಲೇ ಬಿಸಿಲು ಬಂದು ಗಡ್ಡೆಯು ಸಣ್ಣದಾಗಿಯೇ ಉಳಿಯುವದು. ನೀರು ನಿಲ್ಲದಂತೆ ಮಡಿಯನ್ನು ಎತ್ತರಿಸಿ, ಕಳಿತ ಗೊಬ್ಬರ ಬೆರೆಸಿ, ದಪ್ಪ ಎಸಳುಗಳನ್ನೇ ಆರಿಸಿ, ಮೊನೆಯು ಮೇಲಾಗುವಂತೆ ಊರಬೇಕು. ಸಾಲಿನಿಂದ ಸಾಲಿಗೆ 15 ಸೆಂಟಿಮೀಟರು, ಎಸಳಿನಿಂದ ಎಸಳಿಗೆ 10 ಸೆಂಟಿಮೀಟರು ಅಂತರವಿದ್ದರೆ ಸಾಕು. ಎಲೆಗಳು ಹಳದಿಯಾಗಿ ಬಾಗತೊಡಗಿದಾಗ ನೀರು ನಿಲ್ಲಿಸಿ, ಕೆಲವು ದಿನಗಳ ತರುವಾಯ ಕಿತ್ತು ನೆರಳಿನಲ್ಲಿ ಒಣಗಿಸಬೇಕು. ನೆಟ್ಟಂದಿನಿಂದ ಇಲ್ಲಿಯವರೆಗೆ ನಾಲ್ಕು ನಾಲ್ಕೂವರೆ ತಿಂಗಳು ಹಿಡಿಯುವದು.

ಲೆಕ್ಕ ಬೇಡುವವರಿಗೆ ಲೆಕ್ಕವನ್ನೂ ಕೊಡುವೆವು. ಎರಡು ಮೀಟರು ಉದ್ದ, ಒಂದು ಮೀಟರು ಅಗಲದ ಮಡಿಯಲ್ಲಿ ಸುಮಾರು 130 ಎಸಳುಗಳು ಹಿಡಿಸುವವು. ಗಡ್ಡೆಗೆ 15 ಎಸಳೆಂದು ಹಿಡಿದರೆ ಬೀಜಕ್ಕೆ 9 ಗಡ್ಡೆ ಸಾಕು. ಒಣಗಿದ ಗಡ್ಡೆಯೊಂದು 20 ಗ್ರಾಮು ತೂಗಿದರೂ ಒಟ್ಟು 2600 ಗ್ರಾಮು ಆಯಿತು. ವಾರಕ್ಕೆ 50 ಗ್ರಾಮು ಬಳಸುವ ಮನೆಗೆ, ಕೆಟ್ಟು ಹೋಗುವದನ್ನು ಕಳೆದರೂ, ಇದು ಹಲವು ತಿಂಗಳ ಸಂಗ್ರಹ. ಆ ಮಡಿಯ ಬದಿಗೆ ಮೆಂತೆ ಚೆಲ್ಲಿದರೆ ತಿಂಗಳೊಪ್ಪತ್ತಿನಲ್ಲಿ ಪಲ್ಯಕ್ಕಾಗುವದು. ಕೊತ್ತಂಬರಿಯ ಕಾಳನ್ನು ಎರಡು ಹೋಳಾಗುವಂತೆ ಒಡೆದು ಬಿತ್ತಬೇಕು. ಮೂಲಂಗಿ ಒಂದೂವರೆ ತಿಂಗಳಲ್ಲಿ, ಗಜ್ಜರಿ ಮೂರು ತಿಂಗಳಲ್ಲಿ ಕೈಗೆ ಬರುವವು.

'ಜಾಗವಿಲ್ಲ, ನೀರಿಲ್ಲ, ಹೊತ್ತಿಲ್ಲ' ಎಂಬ ಆಕ್ಷೇಪಗಳನ್ನು ನಾವು ಬಲ್ಲೆವು. ಬಾಡಿಗೆಯ ಕೋಣೆಯಲ್ಲಿ ಸಂಸಾರ ಹೂಡಿದವರಿಗೆ ಹಿತ್ತಲೆಲ್ಲಿಯದು? ಅಂಥವರಿಗೆ ಒಡೆದ ಕೊಡವೊಂದರಲ್ಲಿ ಬೆಳೆದ ಕೊತ್ತಂಬರಿಯೂ ಲಾಭವೇ. ಆದರೆ ಅಂಗಳಕ್ಕೆಲ್ಲ ಸಿಮೆಂಟು ಬಳಿದು ಜಾಗವಿಲ್ಲವೆನ್ನುವವರ ಮಾತು ಬೇರೆ. ಅಕ್ಕಿ ಬೇಳೆ ತೊಳೆದ ನೀರು ದಿನಾಲು ಮೋರಿ ಸೇರುತ್ತಿರುವಾಗ ಒಂದು ಮಡಿಗೆ ನೀರಿಲ್ಲವೆಂಬದೂ ಒಪ್ಪತಕ್ಕ ಮಾತಲ್ಲ. ಇದರಿಂದ ಮನೆಯ ಖರ್ಚೆಲ್ಲ ಇಳಿಯುವದೆಂದು ನಾವು ಆಶೆ ತೋರಿಸುವದಿಲ್ಲ. ನೆಲದ ಹಸಿ ಎಷ್ಟು, ಇಬ್ಬನಿ ಯಾವಾಗ, ಒಂದು ಗಡ್ಡೆಗೆ ಎಷ್ಟು ದಿನದ ದುಡಿಮೆ ಎಂಬುದನ್ನು ಬಲ್ಲವನು ಸಂತೆಯಲ್ಲಿ ರೈತನೊಡನೆ ಚೌಕಾಶಿ ಮಾಡುವ ರೀತಿಯೇ ಬೇರೆಯಾಗುವದು. ನಮ್ಮ ದೃಷ್ಟಿಯಲ್ಲಿ ಈ ಲಾಭವೇ ದೊಡ್ಡದು.

ಉಪಾಧ್ಯಾಯ ಬಂಧುಗಳಿಗೆ ನಮ್ಮ ವಿಶೇಷ ವಿಜ್ಞಾಪನೆಯಿದೆ. ದಸರೆಯ ಸೂಟಿ ಮುಗಿದು ಶಾಲೆ ತೆರೆದಾಗ ಊರಿದ ಎಸಳು ಬೇಸಿಗೆಯ ಸೂಟಿಗೆ ಮೊದಲೇ ಗಡ್ಡೆಯಾಗುವದು. ಬಿತ್ತಿದ ಮಗುವೇ ಕೀಳಬಹುದಾದ ಇಂಥ ಬೆಳೆಗಳು ಹೆಚ್ಚಿಲ್ಲ. 1937ರ ವರ್ಧಾ ಶಿಕ್ಷಣ ಯೋಜನೆಯು ಕೈಕೆಲಸವನ್ನೇ ಕಲಿಕೆಯ ನಡುವಿಗೆ ತಂದಿತು. 2019ರಲ್ಲಿ ಕೇಂದ್ರ ಸರಕಾರವೂ ಶಾಲಾ ಪೌಷ್ಟಿಕ ತೋಟಗಳಿಗಾಗಿ ಮಾರ್ಗಸೂಚಿಗಳನ್ನು ಹೊರಡಿಸಿತು. ಕಾಗದವಿದೆ, ಕೆಲಸವಾಗಬೇಕಾದದ್ದು ಮಣ್ಣಿನಲ್ಲಿ. ಮಡಿಯ ಅಳತೆ ಗಣಿತವಾಗಲಿ, ಎಸಳಿನ ಮೊಳಕೆ ವಿಜ್ಞಾನವಾಗಲಿ, 'ಬೆಳ್' ಎಂದರೆ ಬಿಳಿ, 'ಉಳ್ಳಿ' ಎಂದರೆ ಈರುಳ್ಳಿಯ ಜಾತಿಯ ಗಡ್ಡೆ ಎಂಬುದು ಭಾಷೆಯ ಪಾಠವಾಗಲಿ. ಆದರೆ ತೋಟದ ಕೆಲಸವನ್ನು ತಪ್ಪು ಮಾಡಿದ ಹುಡುಗನಿಗೆ ಶಿಕ್ಷೆಯಾಗಿ ಮಾತ್ರ ಕೊಡಬಾರದು. ಗುದ್ದಲಿಯನ್ನು ದಂಡವೆಂದು ಕಲಿತ ಹುಡುಗನು ಗುದ್ದಲಿ ಹಿಡಿದ ತನ್ನ ತಂದೆಯನ್ನೂ ಕೀಳಾಗಿ ಕಾಣುವನು. ಬೆಳೆದ ಕಾಯಿಪಲ್ಲೆಯೂ ಮಕ್ಕಳ ಮಧ್ಯಾಹ್ನದ ಸಾರಿಗೇ ಸೇರಬೇಕು, ಮತ್ತೊಬ್ಬರ ಮನೆಗಲ್ಲ.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ಬಹುಕಾಲ ಆಡಿದ್ದಾಯಿತು. ಈಗ ಗಿಡವೂ ಇಲ್ಲದ ಹಿತ್ತಲುಗಳೇ ಹೆಚ್ಚಾಗಿವೆ. ಚಳಿಯು ಯಾರಿಗಾಗಿಯೂ ಕಾಯುವದಿಲ್ಲ. ಪ್ರತಿಯೊಂದು ಮನೆಯಲ್ಲಿ, ಪ್ರತಿಯೊಂದು ಶಾಲೆಯಲ್ಲಿ, ಈ ದೀಪಾವಳಿಯ ಸುಮಾರಿಗೆ ಒಂದು ಮಡಿಯಾದರೂ ಸಿದ್ಧವಾಗಲಿ.